ಡಾಲರ್ ಟೋಕನ್ನಿನ ಬಡ್ಡಿ ಯಾರ ಪಾಲಿಗೆ?

ಮಂಗಳೂರಿನ ಬಂದರಿನ ಮನೆಯಲ್ಲಿ ನನ್ನ ತಾಯಿ ಮೂರು ತಿಂಗಳಿಗೊಮ್ಮೆ ಬ್ಯಾಂಕಿನ ಪಾಸ್‌ಬುಕ್ ಬಿಡಿಸಿ ಕೂರುತ್ತಾರೆ. ಇಸ್ಲಾಮಿನಲ್ಲಿ ಬಡ್ಡಿ ನಿಷಿದ್ಧ; ಅದಕ್ಕೇ ಬಡ್ಡಿ ಜಮೆಯಾದ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಷ್ಟು ಹಣವನ್ನು ಪುಣ್ಯದ ಆಸೆಯಿಟ್ಟುಕೊಳ್ಳದೆ ಯಾರಾದರೂ ಬಡರೋಗಿಯ ಔಷಧಿಗೆ ಕೊಟ್ಟುಬಿಡುತ್ತಾರೆ. ಇಲ್ಲಿ ದುಬೈಯಲ್ಲಿ ನನ್ನ ಕೋಣೆಯ ಹುಡುಗರಿಗೆ ಆ ಗೆರೆಯ ಗೊಡವೆ ಬೇಡ. ಡಾಲರ್ ಸ್ಟೇಬಲ್‌ಕಾಯಿನ್‌ನಲ್ಲಿ, ಅಂದರೆ ಒಂದಕ್ಕೆ ಒಂದು ಡಾಲರ್ ಬೆಲೆ ಇರುತ್ತದೆಂಬ ಭರವಸೆಯಲ್ಲಿ ಕಂಪನಿಗಳು ಹೊರಡಿಸುವ ಡಿಜಿಟಲ್ ಟೋಕನ್ನಿನಲ್ಲಿ, ಬಡ್ಡಿಯೇ ಬರುವುದಿಲ್ಲ, ಆದ್ದರಿಂದ ಅದು ಹಲಾಲ್ ಎನ್ನುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ.

ನಾವು ಕೊಟ್ಟ ಡಾಲರನ್ನು ಇಂಥ ಟೋಕನ್ ಹೊರಡಿಸುವ ಟೆದರ್ ಕಂಪನಿಯಾಗಲಿ, ಯುಎಸ್‌ಡಿಸಿ ಎಂಬ ಟೋಕನ್ ಹೊರಡಿಸುವ ಕಂಪನಿಯಾಗಲಿ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುವುದಿಲ್ಲ. ಅದರ ದೊಡ್ಡ ಪಾಲು ಅಮೆರಿಕ ಸರ್ಕಾರದ ಅಲ್ಪಾವಧಿ ಸಾಲಪತ್ರಗಳಿಗೆ ಹೋಗುತ್ತದೆ. ಅಲ್ಲಿ ಹುಟ್ಟುವ ಬಡ್ಡಿಯೇ ಆ ಕಂಪನಿಗಳ ಮುಖ್ಯ ಆದಾಯ. 2025ರ ಜುಲೈಯಲ್ಲಿ ಅಮೆರಿಕ ತಂದ ಕಾನೂನು, ಟೋಕನ್ ಹೊರಡಿಸುವವರು ಅದನ್ನು ಹಿಡಿದವರಿಗೆ ಬಡ್ಡಿ ಕೊಡಬಾರದು ಎನ್ನುತ್ತದೆ. ಅಂದರೆ ನಮ್ಮ ಹಣದ ಮೇಲೆ ರಿಬಾ, ಅಂದರೆ ನಿಷಿದ್ಧ ಬಡ್ಡಿ, ಹುಟ್ಟುತ್ತಲೇ ಇದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ತಾಯಿಗೆ ಗೆರೆ ಎಳೆಯಲು ಒಂದು ಸಾಲಾದರೂ ಇದೆ.

ಊರಿನ ಚಾಲ್ತಿ ಖಾತೆಯಲ್ಲೂ ಬಡ್ಡಿ ನಮಗಿಲ್ಲ, ಬ್ಯಾಂಕಿಗೆ ಮಾತ್ರ; ಅದೂ ಹೀಗೆಯೇ ಅಲ್ಲವೇ ಎಂದು ಹುಡುಗರು ಕೇಳುತ್ತಾರೆ. ನಿಜ. ಕರಾವಳಿಯ ಮುಸಲ್ಮಾನರು ಬ್ಯಾಂಕಿಗೆ ಹೊಸಬರೂ ಅಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಆರಂಭಿಸಿದ ಬ್ಯಾಂಕೇ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಆದರೆ ಊರಿನಲ್ಲಿ ಬೇರೆ ದಾರಿಯಿಲ್ಲ. ಬಡ್ಡಿಯಿಲ್ಲದ ಇಸ್ಲಾಮಿಕ್ ಬ್ಯಾಂಕಿಂಗ್ ಪ್ರಸ್ತಾಪವನ್ನು ರಿಸರ್ವ್ ಬ್ಯಾಂಕ್ 2017ರಲ್ಲಿ ಕೈಬಿಟ್ಟಿತು. ದುಬೈ ಇಸ್ಲಾಮಿಕ್ ಬ್ಯಾಂಕ್ 1975ರಿಂದಲೇ ಇರುವ ಈ ನಗರದಲ್ಲಿ ಅನಿವಾರ್ಯತೆಯ ಮಾತು ನಮ್ಮ ಬಾಯಲ್ಲಿ ಬರಬಾರದು.

ಒಂದು ಗುಣವನ್ನು ಮಾತ್ರ ಮನಸಾರೆ ಒಪ್ಪುತ್ತೇನೆ. ನಾಣ್ಯ ವಿನಿಮಯ ಅದೇ ಕೂಟದಲ್ಲಿ, ಕೈಯಿಂದ ಕೈಗೆ ಮುಗಿಯಬೇಕೆಂಬುದು ಫಿಕ್ಹಿನ, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರದ, ನಿಯಮ. ಟೋಕನ್ ಕ್ಷಣಗಳಲ್ಲಿ ಕೈ ಸೇರುತ್ತದೆ. ದಿರ್ಹಮ್ ಕೊಟ್ಟು ಟೋಕನ್ ಕೊಂಡು ಕೂಡಲೇ ದಾಟಿಸಿದರೆ ಆಕ್ಷೇಪ ಕಡಿಮೆ. ತೊಡಕಿರುವುದು ಬೆಲೆ ಜಾರಿದಾಗ. 2023ರ ಮಾರ್ಚ್‌ನಲ್ಲಿ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್ ಕುಸಿದು, ಯುಎಸ್‌ಡಿಸಿಯ ಮೀಸಲಿನ 330 ಕೋಟಿ ಡಾಲರ್ ಅಲ್ಲಿ ಸಿಕ್ಕಿಕೊಂಡಾಗ, ಟೋಕನ್ ಬೆಲೆ 88 ಸೆಂಟ್ ಆಸುಪಾಸಿಗೆ ಇಳಿದಿತ್ತು. ಟೋಕನ್ ಎಂಬುದು ಡಾಲರಿನ ರಸೀದಿಯಾಗಿದ್ದರೆ, ಅದನ್ನು 88 ಸೆಂಟಿಗೆ ಮಾರುವುದು ಡಾಲರಿಗೆ ಡಾಲರನ್ನೇ ಹೆಚ್ಚುಕಡಿಮೆ ಮಾಡಿ ಕೊಟ್ಟಂತೆ. ರಿಬಾದ ನಿಯಮ ಸಾಲದ ಬಡ್ಡಿಯನ್ನಷ್ಟೇ ಅಲ್ಲ, ಇಂಥ ಅಸಮ ವಿನಿಮಯವನ್ನೂ ತಡೆಯುತ್ತದೆ. ರಸೀದಿಯಲ್ಲ, ಬೇರೆ ಸರಕು ಎಂದರೆ ಅದು ಡಾಲರ್ ಎಂಬ ಭರವಸೆಗೇ ಅರ್ಥವಿಲ್ಲ. ಟೋಕನ್‌ಗಳನ್ನು ಆ್ಯಪ್‌ಗೆ ಸಾಲ ಕೊಟ್ಟು ನಿಗದಿತ ಶೇಕಡಾವಾರು ಲಾಭ ಪಡೆಯುವುದು ನೇರ ಬಡ್ಡಿ. ಅದರಲ್ಲಿ ಚರ್ಚೆಗೆ ಏನೂ ಇಲ್ಲ.

ಮೀಸಲು ಹಣವನ್ನು ಸಾಲಪತ್ರದ ಬದಲು ಸುಕೂಕ್‌ನಲ್ಲಿ, ಅಂದರೆ ಬಡ್ಡಿಯ ಬದಲು ಆಸ್ತಿಯ ಆದಾಯದಲ್ಲಿ ಪಾಲು ಕೊಡುವ ಪತ್ರದಲ್ಲಿಟ್ಟು, ಲೆಕ್ಕವನ್ನು ಶರೀಯತ್ ಪಂಡಿತರ ಮುಂದೆ ತೆರೆದಿಡುವ ಟೋಕನ್ ಬಂದರೆ ಮೊದಲು ಕೊಳ್ಳುವವನು ನಾನು. ಅಲ್ಲಿಯವರೆಗೆ ಇದು ಹಣ ದಾಟಿಸುವ ದೋಣಿ; ಉಳಿತಾಯದ ಮನೆಯಲ್ಲ. ಊರಿನ ದಡದಲ್ಲಿ ಆ ದೋಣಿಗೂ ಸುಂಕವಿದೆ: ಲಾಭಕ್ಕೆ ಶೇಕಡಾ 30 ತೆರಿಗೆ, ಮಾರಿದ ಮೊತ್ತದಿಂದ ಶೇಕಡಾ 1 ಮುಂಗಡ ತೆರಿಗೆ ಕಡಿತ.

ಕಳೆದ ತಿಂಗಳು ತಮ್ಮನ ಮಗ ಕಾಲೇಜು ಶುಲ್ಕವನ್ನು ಟೋಕನ್‌ನಲ್ಲೇ ಕಳುಹಿಸಿ ಎಂದ. ನಾನು ಎಕ್ಸ್‌ಚೇಂಜ್ ಅಂಗಡಿಯ ಸರತಿಯಲ್ಲಿ ನಿಂತು ರೂಪಾಯಿಯಲ್ಲೇ ಕಳುಹಿಸಿದೆ.