ಹೊರಸು ಹೊತ್ತ ದೆವ್ವ

ಮೇ ತಿಂಗಳ ಕಲಬುರಗಿ. ರಾತ್ರಿ ಹತ್ತೂವರೆಗೆ ಕರೆಂಟ್ ಹೋಯಿತು. ಫ್ಯಾನಿನ ರೆಕ್ಕೆ ನಿಲ್ಲುವ ಮೊದಲೇ ನನ್ನ ಬೆನ್ನು ಒದ್ದೆ. ಅಕ್ಕನ ಮಗ ಮಾತ್ರ ಮೂಲೆಯಲ್ಲಿ ಕೂತು ಮೊಬೈಲಿನಲ್ಲಿ ‘ನೊಸ್ಫೆರಾಟು’ ನೋಡುತ್ತಿದ್ದ. 1922ರ ಜರ್ಮನ್ ಮೂಕಿ ಚಿತ್ರ. ಅದನ್ನು ಒಂದೂವರೆ ಪಟ್ಟು ಸ್ಪೀಡಿನಲ್ಲಿ ಓಡಿಸುತ್ತಿದ್ದ!

"ಭಾಳ ಸ್ಲೋ ಅದ ಮಾಮಾ," ಎಂದ.

ಕತೆಗೆ ಅನುಮತಿ ಕೇಳಲಿಲ್ಲ ಅಂತ ‘ಡ್ರಾಕುಲಾ’ ಬರೆದ ಬ್ರಾಮ್ ಸ್ಟೋಕರನ ಹೆಂಡತಿ ಕೋರ್ಟಿಗೆ ಹೋಗಿದ್ದಳು. ಪ್ರತಿಗಳನ್ನೆಲ್ಲ ನಾಶ ಮಾಡಿ ಅಂತ ಆದೇಶವಾಗಿತ್ತು. ಅದರಿಂದಲೂ ಪಾರಾಗಿ, ನೂರು ವರ್ಷ ದಾಟಿ ಪುಕ್ಕಟೆ ಕೈಗೆ ಬಂದರೆ ಇವನಿಗೆ ಸ್ಲೋ! ಮೊಬೈಲ್ ಕಸಿದು ಮೊದಲಿಂದ ಹಾಕಿದೆ. ಅವ್ವನೂ ಬೀಸಣಿಗೆ ಹಿಡಿದು ಬಂದು ಕೂತಳು.

ಚಿತ್ರದ ರಕ್ತ ಹೀರುವ ದೆವ್ವ ಕೌಂಟ್ ಓರ್ಲಾಕ್ ತನ್ನ ಶವಪೆಟ್ಟಿಗೆಯನ್ನು ತಾನೇ ಹೊತ್ತು ಊರೊಳಗೆ ನಡೆಯುತ್ತಾನೆ. ಅದು ರಾತ್ರಿ ಎಂದು ನಾವು ತಿಳಿಯಬೇಕು. ಇದ್ದದ್ದು ಒಂದೇ ಕ್ಯಾಮೆರಾ. ಹಗಲಲ್ಲಿ ತೆಗೆದು, ಆಮೇಲೆ ರೀಲಿಗೆ ನೀಲಿ ಬಳಿದು ರಾತ್ರಿ ಮಾಡಿದ್ದರು. ನಮಗೆ ಸಿಕ್ಕ ಪ್ರತಿಯಲ್ಲಿ ಆ ನೀಲಿಯೇ ಇಲ್ಲ. ಬಿಸಿಲು ತಾಗಿದರೆ ಸಾಯುವವನು ಬಟಾಬಯಲು ಹಗಲಲ್ಲಿ ಹೊರಟಿದ್ದ.

"ಇಂಥಾ ಬಿಸಿಲಾಗ ತಲಿಗಿ ಟವೆಲ್ ಇಲ್ದ ಹೊಂಟಾನಲ್ಲೋ," ಎಂದಳು ಅವ್ವ.

ನನಗೆ ಅಪ್ಪನ ಹೊರಸು, ಅಂದರೆ ಮಂಚ, ನೆನಪಾಯಿತು. ಬೇಸಿಗೆಯಲ್ಲಿ ಊಟ ಮುಗಿದದ್ದೇ ತಡ, ಅಪ್ಪ ನುಲಿಯ ಹೊರಸನ್ನು ತಲೆ ಮೇಲೆ ಹೊತ್ತು ಮಾಳಿಗೆ ಏರುತ್ತಿದ್ದ. ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅವ್ವ ಪಾವಟಗಿ ಅನ್ನುವ ಮೆಟ್ಟಿಲು ಇಕ್ಕಟ್ಟು. ತಿರುವಿನಲ್ಲಿ ಹೊರಸಿನ ಕಾಲು ತಾಕಿ ದಿನಾ ಒಂದು ಹಿಡಿ ಸುಣ್ಣ ಉದುರುತ್ತಿತ್ತು. ಆ ಗೀರು ಈಗಲೂ ಇದೆ, ಬೆರಳು ಹೋಗುವಷ್ಟು ಆಳ. ಒಂದು ರಾತ್ರಿ ಹೀಗೇ ಕರೆಂಟ್ ಇರಲಿಲ್ಲ. ಅವ್ವ ಕೆಳಗೆ ಕಂದೀಲು ಹಿಡಿದಿದ್ದಳು. ಗೋಡೆಯ ಮೇಲೆ ತಲೆಯಿಲ್ಲದ, ನಾಲ್ಕು ಕೊಂಬಿನ ಏನೋ ಒಂದು ಮೆಲ್ಲಗೆ ಏರತೊಡಗಿತು. ನಾನು ಕಿರುಚಿದೆ. ಅಪ್ಪ ಬೆಚ್ಚಿ ಕೈಬಿಟ್ಟ. ಹೊರಸು ಜಾರಿ ತಿರುವಿನಲ್ಲಿ ಅಡ್ಡಡ್ಡ ಸಿಕ್ಕಿಕೊಂಡಿತು. ಅಪ್ಪ ಮೇಲೆ, ನಾವು ಕೆಳಗೆ. ಎಳೆದದ್ದೂ ಆಯಿತು, ಒದ್ದದ್ದೂ ಆಯಿತು. ಪಕ್ಕದ ಮನೆಯವರು ಗರಗಸ ತಂದರೆ ಅಪ್ಪ ಮೇಲಿಂದಲೇ ಬೈದ. ಕಡೆಗೆ ಅವನು ಬರಿ ಮಾಳಿಗೆಯ ಮೇಲೆ ಮಲಗಿದ. ನಾವು ಒಳಗೆ ಬೆಂದೆವು. ಬೆಳಗ್ಗೆ ನುಲಿಯ ಗಂಟು ಒಂದೊಂದೇ ಬಿಚ್ಚುವಷ್ಟರಲ್ಲಿ ಹೊತ್ತು ಏರಿತ್ತು. "ಬಿಸಲ್ ಬಂತಲೇ, ಲಗೂನ ಬಿಚ್ರಿ," ಅಂತ ಮೇಲಿಂದ ಅಪ್ಪನ ಕೂಗು.

ಸ್ಟೋಕರನ 1897ರ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಬಿಸಿಲಿಗೆ ಸಾಯಿಸಿದ್ದು ಈ ಬಡ ಚಿತ್ರವೇ. ಜರ್ಮನಿಯವರಿಗೆ ಬಿಸಿಲಿನ ಬಗ್ಗೆ ಏನು ಗೊತ್ತು ಅನ್ನಬೇಡಿ ಮತ್ತೆ.

ಮೆಟ್ಟಿಲ ಮೇಲೆ ಓರ್ಲಾಕನ ನೆರಳು ಏರುವ ಹೊತ್ತಿಗೆ ಸರಿಯಾಗಿ ಮೊಬೈಲ್ ಚಾರ್ಜ್ ಮುಗಿಯಿತು. ಸ್ಪೀಡಾಗಿ ನೋಡಿದ್ದರೆ ಇಷ್ಟೊತ್ತಿಗೆ ಮುಗಿದಿರುತ್ತಿತ್ತು ಅಂತ ಅವನು ಗೊಣಗಿದ. ನಾನು ಕೇಳಿಸದವನಂತೆ ಸೊಳ್ಳೆ ಹೊಡೆದೆ.

"ಆ ಪೆಟ್ಟಿಗಿ ಹೊತ್ತಾವ ಮನಿ ಮುಟ್ಟಿದ್ನೇನು?" ಕತ್ತಲಲ್ಲಿ ಅವ್ವ ಕೇಳಿದಳು.

"ಮುಟ್ಟಿದ."

"ಅವನ ಮನಿ ಪಾವಟಗಿ ಅಗಲ ಇದ್ದಿರಬೇಕು," ಎಂದಳು.