ಹದ್ದು ಹಾರಲಿ ಎಂದು ಕಲ್ಲು ಹೊಡೆಯುವವರಿಗೆ

ನಿನ್ನೆ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕೊನೊವಿಂಗೊ ಡ್ಯಾಮಿನ ಕೆಳಗೆ ಕಂಡದ್ದನ್ನು ಬರೆಯದೆ ಇರಲಾಗುತ್ತಿಲ್ಲ. ದಡದ ಮರದಲ್ಲಿ ಒಂದು ಬಾಲ್ಡ್ ಈಗಲ್, ಅಂದರೆ ಬಿಳಿ ತಲೆಯ ಹದ್ದು, ಮೀನು ತಿನ್ನುತ್ತಾ ಕೂತಿತ್ತು. ನಾಲ್ಕೈದು ಜನ ಮರದ ಬುಡಕ್ಕೇ ಹೋಗಿ, ಫೋನ್ ಎತ್ತಿ ಹಿಡಿದು ಚಪ್ಪಾಳೆ ತಟ್ಟಿದರು. ಅದು ಏಳಲಿಲ್ಲ. ಒಬ್ಬ ಕಲ್ಲು ಬೀಸಿದ. ಮೀನನ್ನು ಅಲ್ಲೇ ಬಿಟ್ಟು ಹಕ್ಕಿ ನದಿ ದಾಟಿ ಹೋಯಿತು. ಹತ್ತು ಸೆಕೆಂಡಿನ ರೀಲ್ ಸಿಕ್ಕಿದ್ದೇ ಅವರು ಕಾರು ಹತ್ತಿದರು. ಅವರಲ್ಲಿ ಇಬ್ಬರು ಕನ್ನಡ ಮಾತಾಡುತ್ತಿದ್ದರು. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಕೋಪ ಬಂದದ್ದು ಯಾಕೆಂದರೆ ಅಲ್ಲಿ ಯಾರೂ ಏನೂ ಮಾಡಬೇಕಾಗಿಯೇ ಇರಲಿಲ್ಲ. ಸಸ್ಕ್ವೆಹಾನಾ ನದಿಗೆ 1928ರಲ್ಲಿ ಕಟ್ಟಿದ ಡ್ಯಾಮು ಅದು. ಟರ್ಬೈನ್ ತಿರುಗಿದಾಗ ಅದರೊಳಗಿಂದ ನುಗ್ಗಿ ಬರುವ ಗಿಜರ್ಡ್ ಶಾಡ್ ಮೀನುಗಳು ಪೆಟ್ಟು ತಿಂದು, ಅರೆಪ್ರಜ್ಞೆಯಲ್ಲಿ ಕೆಳಗಿನ ನೀರಿಗೆ ಬೀಳುತ್ತವೆ. ನವೆಂಬರ್ ಬಂತೆಂದರೆ ಸುತ್ತಲ ಊರುಗಳ ಹದ್ದುಗಳ ಜೊತೆ ಉತ್ತರದಿಂದ ಇಳಿದು ಬಂದವೂ ಸೇರಿ ಆ ಮೀನಿಗಾಗಿ ಮುಗಿಬೀಳುತ್ತವೆ. ನೀರು ಬಿಡುವ ಮುನ್ನ ಸೈರನ್ ಕೂಗುತ್ತದೆ. ಅದು ಕೂಗಿತೆಂದರೆ ಫೋನ್ ಜೇಬಿಗೆ ಹಾಕಿ ಬೈನಾಕ್ಯುಲರ್ ತೆಗೆಯಿರಿ. ನೀರಿನ ರಭಸ ಏರುತ್ತಿದ್ದಂತೆ ಗಲ್ ಹಕ್ಕಿಗಳು ಎರಗತೊಡಗುತ್ತವೆ, ಅವುಗಳ ಹಿಂದೆಯೇ ಹದ್ದುಗಳು. ನೀರಿನ ಮೇಲೆ ಹತ್ತಿಪ್ಪತ್ತು ಅಡಿ ಎತ್ತರದಲ್ಲಿ ತೇಲುತ್ತಾ ಬಂದು, ಕೊನೇ ಗಳಿಗೆಯಲ್ಲಿ ಕಾಲು ಮುಂದಕ್ಕೆ ಚಾಚಿ, ನೀರಿನ ಮೇಲ್ಮೈಯಿಂದ ಮೀನನ್ನು ಕಿತ್ತುಕೊಂಡು ಹೋಗುತ್ತದೆ. ಮೈ ನೀರಿಗೆ ತಾಗುವುದೇ ಇಲ್ಲ. ಆಮೇಲೆ ಇನ್ನೆರಡು ಹದ್ದು ಆ ಮೀನನ್ನು ಕಸಿಯಲು ಬೆನ್ನಟ್ಟುತ್ತವೆ, ಗಾಳಿಯಲ್ಲೇ ಒಂದು ತಲೆಕೆಳಗಾಗಿ ಉಗುರು ತೋರಿಸುತ್ತದೆ. ಕಬ್ಬಿಣದ ರೇಲಿಂಗ್ ಹಿಂದೆ ನಿಂತವರಿಗೆ ಇದೆಲ್ಲ ಪುಕ್ಕಟೆ ಕಾಣುತ್ತದೆ. ಒಂದು ಹೆಜ್ಜೆ ಮುಂದಿಡಬೇಕಿಲ್ಲ.

ಚಳಿಗಾಲದಲ್ಲಿ ಹದ್ದು ದಿನದ ಬಹುಪಾಲು ಸುಮ್ಮನೆ ಕೂತಿರುತ್ತದೆ. ಅದು ಸೋಮಾರಿತನವಲ್ಲ, ಉಳಿತಾಯ. ಹೆಣ್ಣಾದರೆ ಆರು ಕಿಲೋವರೆಗೆ ತೂಗುವ, ರೆಕ್ಕೆ ಬಿಚ್ಚಿದರೆ ಎರಡು ಮೀಟರ್ ದಾಟುವ ಮೈಯನ್ನು ಕೊಂಬೆಯಿಂದ ಎತ್ತಿ ಹಾರಿಸಲು ಬಹಳ ಶಕ್ತಿ ಬೇಕು. ಮೈನಸ್ ಡಿಗ್ರಿ ಚಳಿಯಲ್ಲಿ ಒಂದು ಹಕ್ಕಿಯನ್ನು ಬೆಳಗಿನಿಂದ ನಾಲ್ಕು ಸಲ ಎಬ್ಬಿಸಿದರೆ, ತಿಂದ ಮೀನಿನ ಶಕ್ತಿಯಲ್ಲಿ ಒಂದಷ್ಟು ಆ ಹಾರಾಟಕ್ಕೇ ಹೋಗುತ್ತದೆ. ನೆಲದ ಮೇಲೆ ಕೂತು ತಿನ್ನುತ್ತಿರುವ ಹದ್ದು ಮರದ ಮೇಲಿನದಕ್ಕಿಂತ ಬೇಗ ಬೆದರುತ್ತದೆ. ವಾಷಿಂಗ್ಟನ್ ರಾಜ್ಯದ ಸ್ಕ್ಯಾಗಿಟ್ ನದಿಯಲ್ಲಿ ಡಿಸೆಂಬರ್ ಕೊನೆಗೆ ಚಮ್ ಸಾಲ್ಮನ್ ಮೀನುಗಳು ಮೊಟ್ಟೆಯಿಟ್ಟು ಸತ್ತು ಜಲ್ಲಿಕಲ್ಲಿನ ದಂಡೆಗೆ ಬಂದು ಬೀಳುತ್ತವೆ. ಹದ್ದುಗಳು ಬೆಳಿಗ್ಗೆ ಅಲ್ಲೇ ಇಳಿದು ತಿನ್ನುತ್ತವೆ. ಒಬ್ಬನೇ ಒಬ್ಬ ಆ ದಂಡೆಗೆ ನಡೆದರೂ ಅಷ್ಟೂ ಎದ್ದು ಹೋಗುತ್ತವೆ. ಸಿಯಾಟಲ್ ಕಡೆಯ ಗೆಳೆಯರೇ, ರಾಕ್‌ಪೋರ್ಟ್ ಹತ್ತಿರ ಹೆದ್ದಾರಿ ಬದಿಯಲ್ಲಿ ನಿಲ್ಲಿಸಲು ಜಾಗವಿದೆ, ಅಲ್ಲಿಂದಲೇ ನೋಡಿ.

ಹತ್ತಿರ ಹೋಗದೆ ಕಾಣುವುದು ಹೇಗೆ ಅಂತ ಕೇಳುವವರಿಗೆ: ಮೊದಲು ಜಾಗ ಮತ್ತು ಹವಾಮಾನ. ಕೆರೆಗಳು ಹೆಪ್ಪುಗಟ್ಟಿದಷ್ಟೂ ಹದ್ದುಗಳು ಹರಿಯುವ ನೀರಿರುವ ಕಡೆ ಸೇರುತ್ತವೆ. ಮಿಸಿಸಿಪಿ ನದಿಯಲ್ಲಿ ಹಡಗು ದಾಟಿಸಲು ಕಟ್ಟಿದ ಲಾಕ್ ಅಂಡ್ ಡ್ಯಾಮ್‌ಗಳ ಕೆಳಗೆ, ಚಿಕಾಗೊದವರಿಗೆ ಹತ್ತಿರದ ಸ್ಟಾರ್ವ್ಡ್ ರಾಕ್‌ನಲ್ಲಿ, ಜನವರಿಯ ಕಡುಚಳಿಯೇ ಒಳ್ಳೆಯ ಕಾಲ. ಹವೆ ಬೆಚ್ಚಗಿದ್ದರೆ ಅವು ಚದುರಿಹೋಗಿರುತ್ತವೆ, ಹೋದವರು ಬರಿಗೈಲಿ ಬರುತ್ತಾರೆ. ಐಡಹೋದ ಕೂರ್ ಡಲೇನ್ ಸರೋವರದಲ್ಲಿ ಮಾತ್ರ ಲೆಕ್ಕ ಬೇರೆ: ಅಲ್ಲಿ ವುಲ್ಫ್ ಲಾಜ್ ಬೇಯಲ್ಲಿ ಕೊಕನಿ ಮೀನು ಮೊಟ್ಟೆಯಿಡುವ ಡಿಸೆಂಬರ್ ಮುಖ್ಯ. ಎಲ್ಲಿಗೇ ಹೋದರೂ ಬೆಳಕು ಹರಿಯುವ ಹೊತ್ತಿಗೆ ಅಲ್ಲಿರಿ. ಹತ್ತು ಗಂಟೆಯ ಮೇಲೆ ಹೊಟ್ಟೆ ತುಂಬಿದವು ಸುಮ್ಮನೆ ಕೂರುತ್ತವೆ.

ಆಕಾಶ ನೋಡಬೇಡಿ, ಮರ ನೋಡಿ. ನೀರಿನಂಚಿನ ಅತಿ ಎತ್ತರದ ಕಾಟನ್‌ವುಡ್, ಸಿಕಮೋರ್, ವೈಟ್ ಪೈನ್ ಮರಗಳ ಮೇಲಿನ ಮೂರನೇ ಒಂದು ಭಾಗವನ್ನು ಎಡದಿಂದ ಬಲಕ್ಕೆ ನಿಧಾನವಾಗಿ ನೋಡುತ್ತಾ ಹೋಗಿ. ಬರಿ ಕೊಂಬೆಗಳ ನಡುವೆ ಗಾಲ್ಫ್ ಚೆಂಡು ಸಿಕ್ಕಿಕೊಂಡಂತೆ ಬಿಳಿ ಚುಕ್ಕೆ ಕಂಡರೆ ಅದು ತಲೆ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಸಾಕು. 12x ಕೈಯಲ್ಲಿ ನಡುಗುತ್ತದೆ, ಸ್ಟ್ಯಾಂಡ್ ಇಲ್ಲದೆ ಪ್ರಯೋಜನವಿಲ್ಲ. ಕಾರಿನ ಕಿಟಕಿಯಿಂದ ನೋಡುವಾಗ ಎಂಜಿನ್ ಮತ್ತು ಹೀಟರ್ ಆರಿಸಿ, ಬಿಸಿಗಾಳಿ ಚಿತ್ರವನ್ನು ಅಲುಗಾಡಿಸುತ್ತದೆ.

ಆದರೆ ಬಿಳಿ ತಲೆಯನ್ನಷ್ಟೇ ಹುಡುಕಿದರೆ ಮರಿಗಳೆಲ್ಲ ತಪ್ಪಿಹೋಗುತ್ತವೆ. ತಲೆ, ಬಾಲ ಪೂರ್ತಿ ಬೆಳ್ಳಗಾಗಲು ನಾಲ್ಕೈದು ವರ್ಷ ಬೇಕು. ಅಲ್ಲಿಯವರೆಗೆ ಮೈ ಕಂದು, ರೆಕ್ಕೆಯ ಅಡಿಯಲ್ಲಿ ಕ್ರಮವಿಲ್ಲದ ಬಿಳಿ ಮಚ್ಚೆ, ಕೊಕ್ಕು ಮೊದಮೊದಲು ಕಪ್ಪು. ಇದನ್ನು ಗೋಲ್ಡನ್ ಈಗಲ್ ಅಂತ ಪೋಸ್ಟ್ ಮಾಡುವವರು ಬಹಳ. ಕಾಲು ನೋಡಿ: ಗೋಲ್ಡನ್ ಈಗಲ್‌ಗೆ ಬೆರಳಿನವರೆಗೂ ಗರಿ, ಇದಕ್ಕೆ ಕೆಳಗಾಲು ಬೋಳು ಹಳದಿ. ಹಾರುವಾಗ ಇದರ ರೆಕ್ಕೆ ಮಟ್ಟಸವಾಗಿರುತ್ತದೆ. ಟರ್ಕಿ ವಲ್ಚರ್ ಎಂಬ ರಣಹದ್ದು ರೆಕ್ಕೆಯನ್ನು ಮೇಲಕ್ಕೆತ್ತಿ ತೂರಾಡುತ್ತದೆ. ಸಿನಿಮಾದಲ್ಲಿ ಕೇಳಿಸುವ ಆ ಉದ್ದನೆಯ ಚೀರಾಟ ರೆಡ್ ಟೇಲ್ಡ್ ಹಾಕ್ ಎಂಬ ಗಿಡುಗನದು. ಈಗಲ್‌ನ ದನಿ ತೆಳು, ಕಿಚಕಿಚ ಅನ್ನುತ್ತದೆ. ಅದು ಕಿವಿಗೆ ಬಿದ್ದರೆ ಮರದತ್ತ ತಿರುಗಿ.

ಫೋಟೊ ಬೇಕೆನ್ನುವವರು 400ರಿಂದ 600 ಎಂಎಂ ಲೆನ್ಸ್ ತನ್ನಿ. ಶಟರ್ 1/2000, ಎಕ್ಸ್‌ಪೋಶರ್ ಮೂರನೇ ಎರಡು ಸ್ಟಾಪ್ ಕಡಿಮೆ. ಇಲ್ಲವಾದರೆ ಬಿಳಿ ತಲೆ ಸುಟ್ಟುಹೋಗಿ ಗರಿಯೊಂದೂ ಕಾಣುವುದಿಲ್ಲ. ಅಂಥ ಲೆನ್ಸ್ ಇಲ್ಲವೇ? ಕಣ್ಣಿನಿಂದ ನೋಡಿ, ಬೇಕಾದಷ್ಟಾಯಿತು. ಫೋನಿಗೆ ಹಿಡಿಸುವಷ್ಟು ಹತ್ತಿರ ಹಕ್ಕಿ ಬರಬೇಕು ಅನ್ನುವ ಹಟವೇ ನಿನ್ನೆಯ ಕಲ್ಲಿಗೆ ಕಾರಣ.

ನೀವು ಮಿತಿ ದಾಟಿದಿರೋ ಇಲ್ಲವೋ ಅನ್ನುವುದನ್ನು ಹಕ್ಕಿಯೇ ಹೇಳುತ್ತದೆ. ತಿನ್ನುವುದನ್ನು ನಿಲ್ಲಿಸಿ ನಿಮ್ಮನ್ನೇ ನೋಡಿತೆಂದರೆ ಅಲ್ಲೇ ನಿಲ್ಲಿ. ಕತ್ತು ಉದ್ದ ಮಾಡಿ, ತಲೆ ಅತ್ತಿತ್ತ ಆಡಿಸಿತೆಂದರೆ ಹಿಂದೆ ಸರಿಯಿರಿ. ಗರಿಗಳನ್ನು ಮೈಗೆ ಬಿಗಿಯಾಗಿ ಒತ್ತಿ, ಮುಂದಕ್ಕೆ ಬಾಗಿ, ಹಿಕ್ಕೆ ಹಾಕಿತೆಂದರೆ ತಡವಾಗಿದೆ, ಅದು ಹೊರಟಿತು. ನಿನ್ನೆಯ ಹಕ್ಕಿ ಇದನ್ನೆಲ್ಲ ಒಂದೊಂದಾಗಿ ಮಾಡಿ ತೋರಿಸಿತು. ನೋಡುವವರು ಫೋನಿನ ಪರದೆ ನೋಡುತ್ತಿದ್ದರು.

"ಅಲ್ಲಿ ದಿನಾ ನೂರಾರು ಜನ, ಡ್ಯಾಮಿನ ಮೇಲಿನ ರೂಟ್ 1 ಹೆದ್ದಾರಿಯಲ್ಲಿ ಲಾರಿಗಳ ಸದ್ದು, ಮೇಲಿಂದ ಸೈರನ್, ಅದಕ್ಕೆಲ್ಲ ಒಗ್ಗಿಕೊಂಡ ಹಕ್ಕಿಗೆ ಚಪ್ಪಾಳೆ ಯಾವ ಲೆಕ್ಕ?" ಅಂತ ಒಬ್ಬರು ನನಗೇ ಹೇಳಿದರು. ಒಗ್ಗಿಕೊಂಡಿರುವುದು ನಿಜ. ಆದರೆ ಯಾವುದಕ್ಕೆ? ಒಂದೇ ಜಾಗದಲ್ಲಿ ನಿಲ್ಲುವ ಜನಕ್ಕೆ, ಒಂದೇ ದಾರಿಯಲ್ಲಿ ಓಡುವ ಲಾರಿಗೆ. ಕಾರಿನೊಳಗೆ ಕೂತವನನ್ನು ಹದ್ದು ಸಹಿಸುತ್ತದೆ, ಅದೇ ಮನುಷ್ಯ ಕೆಳಗಿಳಿದು ನೆಟ್ಟಗೆ ತನ್ನತ್ತ ನಡೆದುಬಂದರೆ ಸಹಿಸುವುದಿಲ್ಲ. ಸದ್ದಿಗೂ ಬೆನ್ನಟ್ಟುವುದಕ್ಕೂ ವ್ಯತ್ಯಾಸ ಅದಕ್ಕೆ ಚೆನ್ನಾಗಿ ಗೊತ್ತು.

1963ರಲ್ಲಿ ಅಲಾಸ್ಕಾ, ಹವಾಯಿ ಬಿಟ್ಟು ಉಳಿದ 48 ರಾಜ್ಯಗಳಲ್ಲಿ ಗೂಡು ಕಟ್ಟುತ್ತಿದ್ದದ್ದು 417 ಜೋಡಿ. ಡಿಡಿಟಿ ಎಂಬ ಕೀಟನಾಶಕ ಮೀನಿನ ಮೂಲಕ ಹಕ್ಕಿಯ ಮೈ ಸೇರಿ ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. 1972ರಲ್ಲಿ ಡಿಡಿಟಿ ನಿಷೇಧವಾಯಿತು, ಗೂಡುಗಳನ್ನು ಕಾದರು, 2007ರಲ್ಲಿ ಹಕ್ಕಿ ಅಪಾಯದ ಪಟ್ಟಿಯಿಂದ ಹೊರಬಂತು. 2021ರ ಸರಕಾರಿ ವರದಿಯಲ್ಲಿ 71,400 ಜೋಡಿ ಎಂದಿದೆ. ಇಷ್ಟು ಜನ ಇಷ್ಟು ವರ್ಷ ಕಾದು ಉಳಿಸಿದ್ದರ ಮೇಲೆ ಕಲ್ಲು ಬೀಸಲು ಕೈ ಹೇಗೆ ಬರುತ್ತದೆ?

ಫೆಬ್ರವರಿ ಬಂದರೆ ಇದು ಇನ್ನೂ ಕೆಟ್ಟದ್ದು. ಆಗ ಗೂಡಿನಲ್ಲಿ ಒಂದರಿಂದ ಮೂರು ಮೊಟ್ಟೆ, ಸುಮಾರು 35 ದಿನ ಕಾವು. ತಾಯಿಯೋ ತಂದೆಯೋ ಹೆದರಿ ಎದ್ದುಹೋದರೆ ಆ ಚಳಿಗೆ ಮೊಟ್ಟೆ ಬೇಗ ತಣ್ಣಗಾಗುತ್ತದೆ. ಗೂಡಿನಿಂದ 330 ಅಡಿ, ಅಂದರೆ ನೂರು ಮೀಟರ್ ಒಳಗೆ ನಡೆದು ಹೋಗಬಾರದು ಎನ್ನುತ್ತದೆ ವನ್ಯಜೀವಿ ಇಲಾಖೆಯ ಮಾರ್ಗಸೂಚಿ. ಗೂಡಿನ ಜಾಗವನ್ನು ಲೊಕೇಶನ್ ಸಮೇತ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಡ್ರೋನ್ ಅಂತೂ ಮನೆಯಲ್ಲೇ ಇರಲಿ.

ಇಲ್ಲಿಗೆ ಹೊಸದಾಗಿ ಬಂದವರಿಗೆ ಒಂದು ಮಾತು. 1940ರ ಕಾಯ್ದೆಯ ಪ್ರಕಾರ ಈ ಹಕ್ಕಿಯನ್ನು ಕೊಲ್ಲುವುದಷ್ಟೇ ಅಲ್ಲ, ಕಾಡುವುದೂ ಅಪರಾಧ. ಮೊದಲ ಸಲಕ್ಕೇ ಒಂದು ಲಕ್ಷ ಡಾಲರ್‌ವರೆಗೆ ದಂಡ, ಒಂದು ವರ್ಷದವರೆಗೆ ಜೈಲು ಆಗಬಹುದು. ನೆಲಕ್ಕೆ ಬಿದ್ದ ಗರಿಯನ್ನು ಮಕ್ಕಳಿಗೆಂದು ಎತ್ತಿಟ್ಟುಕೊಳ್ಳುವುದೂ ತಪ್ಪು, ಬಿದ್ದಲ್ಲೇ ಬಿಡಿ. ಕೊನೊವಿಂಗೊಗೆ ಹೋಗುವವರು ಕಾರಿಗೊಂದು ಟಾರ್ಪಾಲೂ ತನ್ನಿ. ಅಲ್ಲಿನ ಕಪ್ಪು ರಣಹದ್ದುಗಳು ವೈಪರ್, ಬಾಗಿಲಿನ ರಬ್ಬರನ್ನು ಕಿತ್ತುಹಾಕುತ್ತವೆ.

ಮತ್ತೆ ಯಾರಾದರೂ ಕಲ್ಲು ಎತ್ತಿದ್ದು ಕಂಡರೆ ಮೊದಲು ಬಾಯಿಬಿಟ್ಟು ತಡೆಯಿರಿ. ಕೇಳದಿದ್ದರೆ ಕಾರಿನ ನಂಬರ್, ಸಮಯ, ಜಾಗ ಬರೆದುಕೊಂಡು ಆ ರಾಜ್ಯದ ವನ್ಯಜೀವಿ ಪೊಲೀಸರಿಗೆ ಫೋನ್ ಮಾಡಿ. ಮೇರಿಲ್ಯಾಂಡಿನಲ್ಲಾದರೆ ನ್ಯಾಚುರಲ್ ರಿಸೋರ್ಸಸ್ ಪೊಲೀಸ್. ನಿನ್ನೆಯ ನಂಬರನ್ನು ನಾನು ಕೊಟ್ಟಾಗಿದೆ.