ಹುಂಜ ಇಲ್ಲದಿದ್ದರೂ ಹೇಂಟೆ ಮೊಟ್ಟೆ ಇಡುತ್ತದೆ

"ಹುಂಜ ಇಲ್ಲದ ಮನೆಯಲ್ಲಿ ಹೇಂಟೆ ಮೊಟ್ಟೆ ಇಡಲ್ಲ, ಇಟ್ಟರೂ ಅದರಲ್ಲಿ ಸತ್ವ ಇರಲ್ಲ" ಎಂಬ ಸಂದೇಶ ಮೊಬೈಲಿಂದ ಮೊಬೈಲಿಗೆ ಓಡಾಡುತ್ತಿದೆ. ಎರಡೂ ಮಾತು ತಪ್ಪು.

ಹೇಂಟೆಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ತಯಾರಾಗಲು ಸುಮಾರು 25 ಗಂಟೆ ಹಿಡಿಯುತ್ತದೆ. ಅದರಲ್ಲಿ 20 ಗಂಟೆಯಷ್ಟು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ಇದರಲ್ಲಿ ಹುಂಜದ ಪಾತ್ರವೇನೂ ಇಲ್ಲ. ಮರಿ ಬೇಕೆಂದರೆ ಮಾತ್ರ ಅದು ಬೇಕು. ಅನುಮಾನವಿದ್ದರೆ ಮೊಟ್ಟೆ ಒಡೆದು ಹಳದಿಯ ಮೇಲಿನ ಬಿಳಿ ಚುಕ್ಕೆ ನೋಡಿ. ಹುಂಜ ಕೂಡಿದ್ದರೆ ಚುಕ್ಕೆ ಉಂಗುರದಂತೆ ಕಾಣುತ್ತದೆ, ಇಲ್ಲದಿದ್ದರೆ ಸಣ್ಣದಾಗಿ, ಅಂಚು ಒರಟಾಗಿರುತ್ತದೆ. ತಿನ್ನುವವರಿಗೆ ಸತ್ವ ಒಂದೇ.

ಹಾಗಾದರೆ ಮೊಟ್ಟೆ ನಿಂತಿದ್ದೇಕೆ? ಹೆಚ್ಚಾಗಿ ಬೆಳಕಿನ ಕೊರತೆ. ದಿನಕ್ಕೆ 14ರಿಂದ 16 ಗಂಟೆ ಬೆಳಕು ಸಿಕ್ಕರೆ ಹೇಂಟೆ ಚೆನ್ನಾಗಿ ಇಡುತ್ತದೆ. ಹಗಲು ಕುಗ್ಗಿದರೆ ಕೈ ಬಿಗಿ ಮಾಡುತ್ತದೆ. ಗೂಡಿನ ತುಂಬ ಗರಿ ಉದುರಿದೆಯೇ? ಹಳೆ ಗರಿ ಕಳಚಿ ಹೊಸದು ಬರುವ ಕಾಲ ಅದು, ಕೆಲವು ವಾರ ಕಾಯಬೇಕು. ಕಾವಿಗೆ ಕೂತರೂ ಅಷ್ಟೇ. ಇದಕ್ಕೆಲ್ಲ ಹುಂಜ ತಂದರೆ ಅಕ್ಕಪಕ್ಕದವರ ನಿದ್ದೆ ಹಾಳಾದೀತೇ ಹೊರತು ಬುಟ್ಟಿ ತುಂಬದು.